ಡ್ರೈವರಮ್ಮ ಬೈಕು ಆರಿಸಿದ ಭಾನುವಾರ

ನನ್ನ ಸೊಸೆಯನ್ನು ನಮ್ಮ ಬೀದಿಯವರೆಲ್ಲ ಡ್ರೈವರಮ್ಮ ಎನ್ನುತ್ತಾರೆ. ಸಿಟಿ ಬಸ್ಸು ಓಡಿಸುತ್ತಾಳೆ. ಅವರ ಡಿಪೋದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಂಗಸು ಅವಳೇ. ಸೇರಿದ ದಿನ ಗಂಡಸರ ಅಳತೆಯ ಯೂನಿಫಾರ್ಮು ಕೊಟ್ಟಿದ್ದರು. ಗೇರ್ ಹಾಕುವಾಗ ಅಂಗಿಯ ತೋಳು ಕೈಗೆ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿ, ಕಿರಿದು ಮಾಡಿ ಹೊಲಿದುಕೊಟ್ಟವಳು ನಾನು. ಪರದೆ, ದಿಂಬಿನ ಚೀಲ, ಯೂನಿಫಾರ್ಮು ಹೊಲಿದೇ ನನ್ನ ಸಂಸಾರ ಸಾಗಿದ್ದು.

ಅವಳು ಬಸ್ಸು ನಿಲ್ಲಿಸುವುದನ್ನು ನೋಡಬೇಕು. ನಿಂತದ್ದೇ ಗೊತ್ತಾಗುವುದಿಲ್ಲ. ತುಂಬಿದ ಲೋಟ ಹಿಡಿದು ನಿಂತಿದ್ದರೂ ಹನಿ ಚೆಲ್ಲುವುದಿಲ್ಲ. ಅದು ಹುಟ್ಟಿನಿಂದ ಬಂದ ಗುಣವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಾಯಿ ಅಡ್ಡ ಬಂತು, ಇವಳು ಬ್ರೇಕನ್ನು ಗಟ್ಟಿಯಾಗಿ ತುಳಿದಳು. ನಾಯಿ ಬದುಕಿತು. ಕಂಬಿ ಹಿಡಿಯದೆ ನಿಂತಿದ್ದ ಒಬ್ಬ ಮುದುಕರು ಬಿದ್ದು ಸೊಂಟ ಮುರಿದುಕೊಂಡರು. ನಿನ್ನ ತಪ್ಪಿಲ್ಲ ಎಂದು ಡಿಪೋದವರೇ ಹೇಳಿದರೂ ಇವಳ ಕಿವಿಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ಕೂತು ಬಂದಳು. ಆವತ್ತಿನಿಂದ ಅವಳ ಪಾದ ಬ್ರೇಕಿನ ಮೇಲೆ, ಮಲಗಿದ ಕೂಸಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ.

ಇಂಥವಳಿಗೆ ಬೈಕಿನ ಹುಚ್ಚು ಹಿಡಿಯಿತು. ರಸ್ತೆಯಲ್ಲಿ ಓಡಿಸುವ ಹುಚ್ಚಲ್ಲ. ಊರಾಚೆ ರೇಸಿನ ಟ್ರ್ಯಾಕ್ ಒಂದಿದೆ. ತಿಂಗಳಿಗೊಂದು ದಿನ ಅದನ್ನು ಸಾಮಾನ್ಯ ಜನಕ್ಕೂ ಬಿಡುತ್ತಾರೆ. ಪಂದ್ಯವಿಲ್ಲ, ಬಹುಮಾನವಿಲ್ಲ. ಚರ್ಮದ ಉಡುಪು ತೊಟ್ಟು, ಮೈಯಲ್ಲಿ ಧೈರ್ಯವಿದ್ದಷ್ಟು ಜೋರಾಗಿ ಓಡಿಸಬಹುದು, ಅಷ್ಟೇ. ಬಾಡಿಗೆ ಬೈಕಿನಲ್ಲಿ ಒಮ್ಮೆ ಹೋಗಿ ಬಂದಳು.

"ಏನೇ ಇದು, ದೇವರನ್ನ ಕಂಡವಳ ಹಾಗೆ ಬಂದಿದ್ದೀಯ?" ಎಂದೆ.

ಶೂ ಬಿಚ್ಚುತ್ತಾ, "ಅತ್ತೆ, ಹಿಂದೆ ಯಾರೂ ಇರ್ಲಿಲ್ಲ" ಎಂದಳು.

ನನಗೆ ಅಷ್ಟು ಸಾಕಾಯಿತು. ಬಸ್ಸು ತುಂಬ ಜನರ ಜೀವವನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತು ಕೂತು ಅವಳಿಗೆ ಅವಳ ಜೀವವೊಂದೇ ಎಷ್ಟು ಹಗುರ ಎಂಬುದು ಮರೆತೇ ಹೋಗಿತ್ತು.

ಆಮೇಲೆ ಸ್ವಂತಕ್ಕೆ ಒಂದು ಹಳೆಯ ಬೈಕು ಬೇಕೆಂದು ಹಟ ಹಿಡಿದಳು. ನನ್ನ ಮಗ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಈರುಳ್ಳಿ ಹೆಚ್ಚುವಾಗ ಬೆರಳಿಗೆ ಚೂರು ಗಾಯವಾದರೂ ಕಣ್ಣು ಕತ್ತಲೆ ಬರುವ ಆಸಾಮಿ. ಹೆಂಡತಿಗೆ ಎದುರಾಡಲಾರ, ಹೂಂ ಎನ್ನಲೂ ಆರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನನ್ನನ್ನು ಹಿಡಿದುಕೊಂಡ.

"ಅಮ್ಮ, ನೀನೂ ಜೊತೆಗೆ ಹೋಗು. ಅವಳಿಗೆ ನೀನೇ ಬ್ರೇಕು."

"ನಂಗೇನೋ ಗೊತ್ತು ಬೈಕಿನ ವಿಷಯ? ಮುಂದಿನ ಚಕ್ರ ಯಾವ್ದು, ಹಿಂದಿನದು ಯಾವ್ದು ಅಂತ ಹೇಳಬಲ್ಲೆ."

"ಅಷ್ಟು ಸಾಕು, ಹೋಗು."

ಹೀಗೆ ಒಂದು ಭಾನುವಾರ ಅತ್ತೆ ಸೊಸೆ ಬಸ್ಸು ಹತ್ತಿದೆವು. ನೋಡಬೇಕಾದ ಬೈಕು ಎರಡು. ದಾರಿಯಲ್ಲಿ ಅವಳು ನನಗೆ ಒಂದು ವಿಷಯ ತಿಳಿಯಹೇಳಿದಳು. ಟ್ರ್ಯಾಕಿನಲ್ಲಿ ನೇರ ದಾರಿ ಮುಗಿದು ತಿರುವು ಬರುವಾಗ, ಅಷ್ಟು ಹೊತ್ತು ಕೂಡಿಸಿದ ವೇಗವನ್ನೆಲ್ಲ ಒಂದೇ ಏಟಿಗೆ ಇಳಿಸಬೇಕಂತೆ. ಆಗ ಗಾಡಿ ನೆಟ್ಟಗೆ ನಿಲ್ಲಬೇಕು. ಸ್ವಲ್ಪ ಎಳೆದರೂ ಓಡಿಸುವವರು ನೆಲಕ್ಕೆ, ಹಿಂದೆ ಬರುವವರು ಅವರ ಮೇಲಕ್ಕೆ.

"ಹಳೇ ಗಾಡೀಲಿ ಹೊಳಪು ನೋಡ್ಬಾರ್ದು ಅತ್ತೆ, ಎಲುಬು ನೋಡ್ಬೇಕು."

"ಎಲುಬು ಹೇಗೆ ಕಾಣತ್ತೆ?"

"ಕಾಣಲ್ಲ. ಅದೇ ಕಷ್ಟ."

ಮೊದಲನೆಯ ಬೈಕಿನವನು ಕನ್ನಡಕದ ಅಂಗಡಿ ಇಟ್ಟವನು. ಎತ್ತರದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಗಾಡಿಗಳ ನಡುವೆ ನಮಗಾಗಿ ಕಾಯುತ್ತಿದ್ದ. ಗಾಡಿಯ ಹೊದಿಕೆ ಸರಿಸಿದ. ಕೆಂಪು ಬಣ್ಣ. ಆ ಮಬ್ಬಿನಲ್ಲೂ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಸೊಸೆ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ಮನಸ್ಸು ಕೊಟ್ಟಳು ಎಂದೇ ಲೆಕ್ಕ. ನನ್ನ ಮಗನನ್ನು ನೋಡಲು ಬಂದಾಗಲೂ ಹೀಗೇ ಸುಮ್ಮನಾಗಿದ್ದಳು.

"ಟ್ರ್ಯಾಕಿಗೆ ಹೋಗಿದ್ಯಾ ಗಾಡಿ?" ಎಂದು ಕೊನೆಗೆ ಕೇಳಿದಳು.

"ಛೆ ಛೆ, ಇಲ್ಲ ಮೇಡಂ. ಭಾನುವಾರ ಬೆಳಿಗ್ಗೆ ಒಂದು ರೌಂಡು, ಬಂದು ಒರೆಸಿ ಇಡೋದು. ಮಗು ಥರ ನೋಡ್ಕೊಂಡಿದ್ದೀನಿ."

ಅವಳು ಹೆಲ್ಮೆಟ್ ಹಾಕಿಕೊಂಡಳು. ಕಟ್ಟಡದ ಹಿಂದೆ ಉದ್ದಕ್ಕೆ ಒಂದು ಗಲ್ಲಿ ಇತ್ತು, ಬೈಕನ್ನು ಅಲ್ಲಿಗೆ ತಂದೆವು. ಕಸದ ಗಾಡಿ ಬಿಟ್ಟರೆ ಅಲ್ಲಿ ಯಾರೂ ಬರುವುದಿಲ್ಲವಂತೆ. ಗಲ್ಲಿಯ ಕೊನೆಗೆ ಕಲ್ಲಿನ ಗೋಡೆ. ಅವಳು ಜೋರಾಗಿ ಹೋದಳು, ಗೋಡೆಗೆ ಬಹಳ ಮೊದಲೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಲ್ಲಿಸಿದಳು, ತಿರುಗಿ ಬಂದಳು. ಹೆಲ್ಮೆಟ್ ತೆಗೆದಾಗ ಕಣ್ಣು ಮಿಂಚುತ್ತಿತ್ತು.

"ಅತ್ತೆ, ಇದೇ."

"ಇನ್ನೊಂದು ನೋಡೋದಿದೆಯಲ್ಲೇ."

"ಇದೇ ಅತ್ತೆ."

ನಾನು ಬ್ರೇಕು ಹಾಕಬೇಕಾದ ಸಮಯ ಇದೇ ಇರಬೇಕು. ಆದರೆ ಏನೆಂದು ಹಾಕಲಿ? ಮಂಡಿ ನೋಯುತ್ತಿತ್ತು. ಕನ್ನಡಕದವನು ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೊಟ್ಟ. ಕೂತೆ. ಕೂತರೆ ಬೈಕಿನ ಹೊಟ್ಟೆ ನನ್ನ ಕಣ್ಣಿಗೆ ನೇರ. ಅವರಿಬ್ಬರೂ ಬೆಲೆಯ ಮಾತಿಗೆ ಇಳಿದರು. ನಾನು ಮಾಡಲು ಕೆಲಸವಿಲ್ಲದೆ ಆ ಹೊಟ್ಟೆಯನ್ನೇ ನೋಡುತ್ತಾ ಕೂತೆ. ಎಂಜಿನ್ನಿನ ಅಡಿಯಲ್ಲಿ ಒಂದು ಬೋಲ್ಟು. ಅದರ ತಲೆಗೆ ಅಡ್ಡವಾಗಿ ಸಣ್ಣ ತೂತು, ಈ ಕಡೆಯಿಂದ ಆ ಕಡೆಗೆ ಬೆಳಕು ಕಾಣುವಷ್ಟು.

"ಈ ಬೋಲ್ಟಿಗೆ ಸೂಜಿಗಿದ್ದ ಹಾಗೆ ಕಣ್ಣಿದೆಯಲ್ಲಪ್ಪ. ಇದಕ್ಕೇನು ದಾರ ಪೋಣಿಸ್ತೀರಾ?"

ಅವನು ನಕ್ಕ. ಸೊಸೆ ನಗಲಿಲ್ಲ. ಬಗ್ಗಿ ನೋಡಿದಳು. ಬೆರಳಿನಿಂದ ತಡವಿದಳು. ಎದ್ದು ನಿಂತಾಗ ಅವಳ ದನಿ ಬದಲಾಗಿತ್ತು.

"ಟ್ರ್ಯಾಕಿಗೆ ಹೋಗಿಲ್ಲ ಅಂದ್ರಿ?"

"ಇಲ್ಲ ಮೇಡಂ..."

"ಇದು ಬೋಲ್ಟು ಸಡಿಲವಾಗಿ ಎಣ್ಣೆ ಸೋರದ ಹಾಗೆ ತಂತಿ ಕಟ್ಟೋಕೆ ಕೊರೆಸಿದ ತೂತು. ಟ್ರ್ಯಾಕಲ್ಲಿ ತಂತಿ ಇಲ್ದೆ ಒಳಗೇ ಬಿಡಲ್ಲ. ತಂತಿ ಬಿಚ್ಚಿದ್ದೀರ, ತೂತು ಎಲ್ಲಿಗೆ ಹೋಗತ್ತೆ?"

ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ಒಂದೇ ಒಂದು ಸಲ ಮೇಡಂ. ನಾಲಿಗೆಗೆ ಬರ್ಲಿಲ್ಲ. ಬಿದ್ದಿಲ್ಲ, ಏನಿಲ್ಲ. ನೀವೇ ಓಡಿಸಿದ್ರಲ್ಲ, ಏನಾದ್ರೂ ಕೊರತೆ ಕಂಡ್ತಾ?"

ಸೊಸೆ ನನ್ನ ಕಡೆ ನೋಡಿದಳು. ಮನಸ್ಸು ಇನ್ನೂ ಆ ಕೆಂಪು ಬಣ್ಣದಲ್ಲೇ ಇತ್ತು. "ಟ್ರ್ಯಾಕಿಗೆ ಹೋದ ಮಾತ್ರಕ್ಕೆ ಕೆಟ್ಟದ್ದು ಅಂತಿಲ್ಲ ಅತ್ತೆ. ನಿಜವಾಗ್ಲೂ ಕೊರತೆ ಏನೂ ಕಾಣ್ಲಿಲ್ಲ. ನೂಲು ಹಿಡಿದ ಹಾಗೆ ನಿಲ್ತು."

ಆಗ ನನಗೆ ಹೊಳೆಯಿತು. ಗಾಡಿಯ ವಿಷಯ ನನಗೆ ತಿಳಿಯದು, ಅವಳ ವಿಷಯ ತಿಳಿಯುತ್ತದೆ.

"ನಿಲ್ಲದೆ ಏನು ಮಾಡತ್ತೆ? ನೀನು ಬಸ್ಸು ನಿಲ್ಲಿಸಿದ ಹಾಗೆ ನಿಲ್ಲಿಸಿದೆ. ಟ್ರ್ಯಾಕಲ್ಲಿ ಹಾಗೇ ನಿಲ್ಲಿಸ್ತಾರಾ?"

ಅವಳು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸಿದಳು. ಮತ್ತೆ ಬೈಕು ಹತ್ತಿದಳು.

ಗಲ್ಲಿಯಲ್ಲಿ ಜೋರಾಗಿ ಹೋದಳು. ಮತ್ತೆ ಅದೇ ನಯ, ಅದೇ ಬೆಣ್ಣೆ. ವಾಪಸ್ಸು ಬಂದು ನನ್ನ ಪಕ್ಕ ನಿಲ್ಲಿಸಿ ಹೆಲ್ಮೆಟ್ಟಿನ ಗಾಜಿನೊಳಗಿಂದಲೇ, "ಆಗ್ತಿಲ್ಲ ಅತ್ತೆ. ಹಿಡಿಯೋಕೆ ಹೋದ್ರೆ ಬಲಗೈ ಬೆರಳು ತಾನಾಗೇ ಸಡಿಲ ಆಗತ್ತೆ" ಎಂದಳು. ಆ ಮುದುಕರು ಬಿದ್ದದ್ದು ಅವಳ ಬೆರಳುಗಳಿಗೂ ಇಳಿದಿತ್ತು. ಬ್ರೇಕು ಜೋರಾಗಿ ಹಿಡಿಯಲಾಗದಿದ್ದರೆ ಗಾಡಿಯ ಎಲುಬು ಈ ಗಲ್ಲಿಯಲ್ಲಿ ಗೊತ್ತಾಗುವುದಿಲ್ಲ. ಟ್ರ್ಯಾಕಿನ ತಿರುವಿನಲ್ಲಿ ಗೊತ್ತಾಗುತ್ತದೆ. ಆಗ ಗೊತ್ತಾಗಿ ಏನು ಬಂತು?

ನಾನು ಎದ್ದು ಹೋಗಿ ಹಿಂದಿನ ಖಾಲಿ ಸೀಟಿನ ಮೇಲೆ ಕೈಯಿಂದ ತಟ್ಟಿದೆ.

"ನೋಡೇ, ಇಲ್ಲಿ ಯಾರೂ ನಿಂತಿಲ್ಲ. ಯಾರೂ ಬೀಳಲ್ಲ. ಹಿಡಿ."

ಮೂರನೆಯ ಸಲ ಹೋದಳು. ಎಂಜಿನ್ನಿನ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ನಾನು ಮೈಯೆಲ್ಲ ಕಣ್ಣಾಗಿ ನಿಂತೆ. ಹಿಡಿದಳು. ಹಿಡಿದೇಬಿಟ್ಟಳು. ಬೈಕಿನ ಮೂತಿ ನೆಲಕ್ಕೆ ಕುಸಿಯಿತು, ಹ್ಯಾಂಡಲ್ ಕೋಳಿಯ ಕತ್ತಿನ ಹಾಗೆ ಒದ್ದಾಡಿತು, ಗಾಡಿ ಎಡಕ್ಕೆ ಎಳೆದುಕೊಂಡು ಗೋಡೆಯ ಮೂಲೆಗೆ ಹೊರಟಿತು. ನನ್ನ ಜೀವ ಬಾಯಿಗೆ ಬಂತು. ಹಿಡಿ ಎಂದವಳು ನಾನು. ಅವಳು ಬ್ರೇಕು ಬಿಟ್ಟಳು, ಗಾಡಿ ನೆಟ್ಟಗಾಯಿತು, ಮತ್ತೆ ಹಿಡಿದಳು, ಒಂದು ಕಾಲು ಊರಿ ನಿಂತಳು. ಮುಂದಿನ ಚಕ್ರಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ತೂರಿ ಹೋಗುವಷ್ಟು ಜಾಗ ಉಳಿದಿತ್ತು.

ಓಡಿಸಿಕೊಂಡು ಬರಲಿಲ್ಲ. ಇಳಿದು ತಳ್ಳಿಕೊಂಡು ಬಂದಳು. ಸ್ಟ್ಯಾಂಡು ಹಾಕಿದಳು.

"ಯಾವ ಕಡೆ ಬಿದ್ದಿದ್ರಿ?" ಎಂದಳು, ಮೆಲ್ಲಗೆ.

ಅವನ ಕೈ ತಾನಾಗಿ ಎಡಭುಜಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ ಎಂಬ ಗಾದೆಯನ್ನು ಕಣ್ಣಾರೆ ನೋಡಿದೆ. "ಸ್ವಲ್ಪ... ಪ್ಲಾಸ್ಟಿಕ್ ಎಲ್ಲಾ ಹೊಸದು ಹಾಕ್ಸಿದ್ದೀನಿ ಮೇಡಂ" ಎಂದ.

"ಪ್ಲಾಸ್ಟಿಕ್ ಹೊಸದು, ಮುಂದಿನ ಚಕ್ರ ಹಿಡಿದಿರೋ ಕೊಳವೆ ಸೊಟ್ಟ. ಇದನ್ನ ಯಾರಿಗಾದ್ರೂ ಮಾರೋ ಮೊದ್ಲು ಸರಿ ಮಾಡ್ಸಿ. ಮುಂದೆ ಬರೋರ ಅತ್ತೆ ಜೊತೆಗೆ ಬರ್ತಾರೋ ಇಲ್ವೋ."

ಕಟ್ಟಡದ ಮುಂದಕ್ಕೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತಳು. ನಾನು ಅವಳ ಕೈಯನ್ನು ನನ್ನ ಎರಡು ಕೈಗಳ ನಡುವೆ ಇಟ್ಟುಕೊಂಡೆ. ಮನೆಗೆ ಹೋಗೋಣವೇ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಹೂಂ ಎನ್ನುತ್ತಿದ್ದಳು, ಆಮೇಲೆ ಬೈಕಿನ ಹೆಸರನ್ನೇ ಎತ್ತುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.

ಎರಡನೆಯವನು ಬೇಕರಿಯವನು. ಭಾನುವಾರ ಮಧ್ಯಾಹ್ನ ಒಲೆ ಆರಿತ್ತು, ಆದರೂ ಹಿತ್ತಲಿಗೆ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಹುಬ್ಬಿನಲ್ಲೆಲ್ಲ ಹಿಟ್ಟು. ಬೈಕನ್ನು ಮೈದಾ ಮೂಟೆಗಳ ಪಕ್ಕದಿಂದ ಹೊರಗೆ ಎಳೆದ. ದೀಪವಿಲ್ಲ, ಕನ್ನಡಿಯಿಲ್ಲ, ನಂಬರಿಲ್ಲ. ಬಣ್ಣ ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ. ಇಂಥದ್ದು ರಸ್ತೆಗೆ ಇಳಿಯುವಂತಿಲ್ಲ, ಟ್ರ್ಯಾಕಿಗೆ ಮಾತ್ರ. ಕೆಂಪು ಬೈಕಿಗಿಂತ ಚಿಕ್ಕದು. ಅದರ ಪಕ್ಕದಲ್ಲಿ ಇದು ಮನೆಗೆಲಸದವಳ ಹಾಗೆ ಕಾಣುತ್ತಿತ್ತು.

"ಇದು ಬಿದ್ದಿದ್ಯಾ?" ಎಂದು ಈ ಸಲ ನಾನೇ ಕೇಳಿದೆ.

"ಬೀಳದೆ ಇರತ್ತಾ ಅಮ್ಮ? ಇಲ್ಲಿ ನೋಡಿ, ಇದು ಗಾಡಿ ಮೊಣಕೈ." ಬೈಕಿನ ಪಕ್ಕದ ಗೀರು ತೋರಿಸಿದ. ತೋಳು ಮಡಿಸಿ ಹಿಟ್ಟು ಒರೆಸಿ, "ಇದು ನನ್ನ ಮೊಣಕೈ. ಇಬ್ರೂ ಒಂದೇ ದಿನ ಕೆತ್ತಿಸ್ಕೊಂಡ್ವಿ. ನಿಧಾನಕ್ಕೇ ಬಿದ್ದಿದ್ದು, ಜಾರಿ" ಎಂದ. ಹೊಟ್ಟೆಯಡಿ ಬಗ್ಗಿ ನೋಡಿದೆ. ಬೋಲ್ಟಿಗೆ ತಂತಿ ಹಾಗೇ ಇತ್ತು, ಜಡೆ ಹೆಣೆದ ಹಾಗೆ ಬಿಗಿಯಾಗಿ.

"ಮತ್ತೆ ಮಾರೋದು ಯಾಕಪ್ಪ?"

"ಮಂಡಿ ಒಪ್ತಿಲ್ಲ ಅಮ್ಮ. ರಾತ್ರಿಯೆಲ್ಲಾ ನಿಂತು ಹಿಟ್ಟು ನಾದಿ, ಮತ್ತೆ ಇದರ ಮೇಲೆ ಕುಕ್ಕರುಗಾಲಲ್ಲಿ ಕೂರೋದು. ಮಂಡಿಗೆ ಒಂದು ಕೆಲ್ಸ ಬಿಡು ಅಂದೆ, ಅದು ಇದನ್ನ ಬಿಡ್ತು."

ಬೇಕರಿಯ ಹಿಂದಿನ ದಾರಿ ಮೈದಾ ಲಾರಿ ಬರುವಷ್ಟು ಅಗಲವಾಗಿತ್ತು. ಆವತ್ತು ಖಾಲಿ. ದಾರಿಯ ಬದಿಯಲ್ಲಿ ಒಂದು ನೀಲಿ ಡ್ರಮ್ಮು. ಸೊಸೆ ಹೆಲ್ಮೆಟ್ ಹಾಕಿಕೊಂಡಳು, ಆದರೆ ಹೊರಡಲಿಲ್ಲ. ಗಾಜು ಎತ್ತಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅತ್ತೆ, ಆ ಡ್ರಮ್ಮಿನ ಹತ್ರ ನಿಂತ್ಕೊಳ್ತೀರಾ? ಬದಿಗೆ. ನಂಗೆ ಕಾಣೋ ಹಾಗೆ."

"ಯಾಕೇ?"

"ಹಿಂದೆ ಯಾರೂ ಇಲ್ಲ ಅಂತ ನಂಬಿಕೆ ಬರ್ಬೇಕು. ನೀವು ಮುಂದೇನೇ ಇದ್ರೆ ಬರತ್ತೆ."

ನಾನು ಹೋಗಿ ನಿಂತೆ. ಬೇಕರಿಯವನೂ ಬಂದು ನಿಂತ. ಅಷ್ಟು ದೂರದಲ್ಲಿ ಅವಳು ತೀರ ಸಣ್ಣಗೆ ಕಾಣುತ್ತಿದ್ದಳು. ಬೈಕು ಹೊರಟಿತು. ದೊಡ್ಡದಾಗುತ್ತಾ ಬಂತು. ನಾನು ಡ್ರಮ್ಮಿನ ಅಂಚನ್ನು ಹಿಡಿದುಕೊಂಡೆ. ಅದು ತಣ್ಣಗಿತ್ತು. ಅವಳು ಹಿಡಿಯುತ್ತಿಲ್ಲ. ಇನ್ನೂ ಹಿಡಿಯುತ್ತಿಲ್ಲ. ಈಗಲೂ ಬೆರಳು ಸಡಿಲವಾಯಿತು, ದಾಟಿ ಹೋಗಿಬಿಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಹಿಡಿದಳು.

ಟೈರು ಒಮ್ಮೆ ಕಿರುಚಿತು. ಹಿಂದಿನ ಚಕ್ರ ನೆಲದಿಂದ ಒಂದು ಬೆರಳಷ್ಟು ಎದ್ದು ಕೂತಿತು. ಹ್ಯಾಂಡಲ್ ಅಲುಗಲಿಲ್ಲ. ಅಳತೆಪಟ್ಟಿ ಇಟ್ಟು ಸೀಮೆಸುಣ್ಣದ ಗೆರೆ ಎಳೆದ ಹಾಗೆ ನೆಟ್ಟಗೆ ಬಂದು ಡ್ರಮ್ಮಿನ ಪಕ್ಕ ನಿಂತಿತು. ಸುಟ್ಟ ರಬ್ಬರಿನ ವಾಸನೆ ಬ್ರೆಡ್ಡಿನ ವಾಸನೆಯನ್ನು ನುಂಗಿಹಾಕಿತು.

ಅವಳು ಹ್ಯಾಂಡಲ್ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೆಲ್ಮೆಟ್ಟಿನಿಂದಾಗಿ ತಿಳಿಯಲಿಲ್ಲ. ಮತ್ತೆ ಹೋದಳು, ಮತ್ತೆ ಹಿಡಿದಳು. ಇನ್ನೊಮ್ಮೆ ಹೋದಳು. ಕೊನೆಗೆ ಬೇಕರಿಯವನೇ, "ಟೈರು ಉಳಿಸಿ ತಾಯಿ, ನೀವೇ ತಗೊಳ್ಳೋದು" ಎಂದ. ಬೆಲೆಯ ಮಾತು ಬೇಗ ಮುಗಿಯಿತು. ಬೈಕನ್ನು ಬುಧವಾರ ಬ್ರೆಡ್ಡಿನ ವ್ಯಾನಿನಲ್ಲಿ ಮನೆಗೇ ತಂದುಕೊಡುವುದಾಗಿ ಒಪ್ಪಿದ.

ನಾವು ಬಸ್ಸಿನಲ್ಲೇ ವಾಪಸ್ಸು ಹೊರಟೆವು. ಸಂಜೆಯ ಬಸ್ಸು, ಕಾಲಿಡಲು ಜಾಗವಿಲ್ಲ. ನನಗೆ ಸೀಟು ಸಿಕ್ಕಿತು, ಅವಳು ಪಕ್ಕದಲ್ಲಿ ನಿಂತಳು. ಯಾವುದೋ ಸ್ಟಾಪಿನಲ್ಲಿ ಡ್ರೈವರು ಧಡಕ್ಕನೆ ಬ್ರೇಕು ತುಳಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಬೀಳುವುದರಲ್ಲಿದ್ದಳು. ಸೊಸೆ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಮುಂದಕ್ಕೆ ನುಗ್ಗಿದಳು.

"ಏನಪ್ಪಾ, ಹಿಂದೆ ಇರೋದು ಜನ, ಮೈದಾ ಮೂಟೆ ಅಲ್ಲ!"

ಡ್ರೈವರು ಅವಳ ಡಿಪೋದವನೇ, ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ ಡ್ರೈವರಮ್ಮ, ನೀವಿದ್ದೀರ ಅಂತ ಗೊತ್ತಾಗ್ಲಿಲ್ಲ."

"ನಾನಿಲ್ದಿದ್ರೆ ಬೀಳಿಸ್ಬಹುದಾ?"

ಬಂದು ಮತ್ತೆ ನನ್ನ ಪಕ್ಕ ನಿಂತಳು. ಆಮೇಲೆ ಬಂದ ಪ್ರತಿ ಸ್ಟಾಪಿನಲ್ಲೂ ಅವಳ ಬಲಗಾಲು ಬಸ್ಸಿನ ನೆಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತುತ್ತಿತ್ತು. ಬಲಗೈ ಮಾತ್ರ ನನ್ನ ಸೀಟಿನ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು.