ಕಂಬ ಎಳೆದು ನೋಡುವ ಮುಳ್ಳಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಯಲಿನ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಳ್ಳಣ್ಣ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿಗೆ, ಜೇಡಿಮಣ್ಣಿನೊಳಗೆ ತಿರುಗಿಸಿ ಇಳಿಸಿದ ಕಬ್ಬಿಣದ ಸ್ಕ್ರೂ ಕಂಬ. ಜಾಕ್ ಅದನ್ನು ಮೇಲಕ್ಕೆ ಎಳೆಯುತ್ತಿದೆ. ಎಷ್ಟು ಮೇಲೆದ್ದಿತು ಎಂದು ಗಡಿಯಾರದಂಥ ಗೇಜಿನ ಮುಳ್ಳು ಹೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದನ್ನು ಬರೆದುಕೊಳ್ಳುವುದೇ ಇವರ ಕೆಲಸ, ಹೆಸರು ಬಿದ್ದದ್ದೂ ಅದರಿಂದಲೇ. ಬಿಸಿಲೇರಿದರೆ ಗೇಜ್ ಹಿಡಿದ ಕಬ್ಬಿಣ ಹಿಗ್ಗಿ ಮುಳ್ಳು ಸುಳ್ಳು ಹೇಳುತ್ತದೆ, ಅದಕ್ಕೇ ಈ ಹೊತ್ತು.

"ಅಲ್ಲೇ ನಿಲ್ಲಪ್ಪಾ! ನೀನು ನಡೆದ್ರೆ ಮುಳ್ಳೂ ನಡೆಯುತ್ತೆ," ಎಂದು ಚಹಾ ತಂದ ಡ್ರೈವರನ್ನು ದೂರದಲ್ಲೇ ತಡೆಯುತ್ತಾರೆ. ಆಚೆ ನಿಂತ ನಮಗೂ ಹೇಳುತ್ತಾರೆ: "ಇಪ್ಪತ್ತಾರು ವರ್ಷದಿಂದ ಹತ್ತಿರ ಬಂದೋರ್ನೆಲ್ಲ ಓಡಿಸ್ಕೊಂಡೇ ಬಂದಿದೀನಿ ನೋಡಿ."

ಗಾಳಿ ಬೀಸಿದಾಗ ವಿದ್ಯುತ್ ಗೋಪುರದ ಒಂದು ಕಾಲು ನೆಲ ಬಿಟ್ಟು ಏಳಲು ನೋಡುತ್ತದೆ. ಅದನ್ನು ಹಿಡಿದಿಡಬೇಕಾದದ್ದು ಇಂಥ ಕಂಬ. ಆದರೆ ಈ ಮಣ್ಣನ್ನು ನಂಬುವಂತಿಲ್ಲ: ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವರು ಬೇಸಿಗೆಯ ಒಣಮಣ್ಣಿನಲ್ಲೇ ಎಳೆದು ನೋಡಿ 'ಪಾಸ್' ಎಂದು ಬರೆದುಬಿಟ್ಟರು. ಮಳೆ ಬಂತು, ಗೋಪುರ ಒಂದು ಕಾಲೆತ್ತಿ ವಾಲಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಕಂಬದ ಸುತ್ತ ಬದು ಕಟ್ಟಿ, ವಾರವಿಡೀ ನೀರು ನಿಲ್ಲಿಸಿ, ಮಣ್ಣು ಮೆತ್ತಗಾದ ಮೇಲೇ ಎಳೆಯುತ್ತಾರೆ. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ. ಆ ವಾರವೆಲ್ಲ ತಗಡಿನ ಶೆಡ್ಡಿನಲ್ಲಿ ಇವರೊಬ್ಬರೇ.

ಇಂದು ಪಾಸಾದರೆ ಮಧ್ಯಾಹ್ನದ ಬಸ್ಸಿಗೆ ಮನೆ. ಮಗಳಿಗೆ ದಿನ ತುಂಬಿದೆ. ಹೆಂಡತಿ ತೀರಿಹೋದ ಮೇಲೆ ಮಗಳಿಗೆ ತವರೆಂದರೆ ಇವರೇ. ಫೇಲಾದರೆ ಇನ್ನೂ ಆಳಕ್ಕೆ ಬೇರೆ ಕಂಬ ಇಳಿಸಬೇಕು, ಮತ್ತೆ ವಾರ ನೆನೆಸಬೇಕು. ಮುಳ್ಳು ಹನ್ನೆರಡು ಮಿಲಿಮೀಟರ್ ದಾಟಬಾರದು. ಕೊನೆಯ ಹತ್ತು ನಿಮಿಷ ಉಳಿದಾಗ ಮುಳ್ಳು ತೋರಿಸುತ್ತಿರುವುದು ಹನ್ನೊಂದೂ ಮುಕ್ಕಾಲು.

"ನಿಲ್ಲು ಮಾರಾಯ, ಇವತ್ತೊಂದಿನ ನಿಲ್ಲು," ಎಂದು ಕಬ್ಬಿಣವನ್ನೇ ಬೇಡಿಕೊಳ್ಳುತ್ತಾರೆ.

ಹತ್ತು ನಿಮಿಷ ಮುಗಿದಾಗ ಮುಳ್ಳು ತೋರಿಸುವುದು ಹನ್ನೆರಡೂ ಕಾಲು. ಕಂಡದ್ದು ಇವರೊಬ್ಬರಿಗೇ. ಪೆನ್ನು ಕಾಗದದ ಮೇಲೆ ಕೊಂಚ ತಡೆಯುತ್ತದೆ. ಆಮೇಲೆ ಕಂಡದ್ದನ್ನೇ ಬರೆಯುತ್ತಾರೆ.

ಅಷ್ಟರಲ್ಲಿ ಮಗಳ ಫೋನು. "ಹೊರಟ್ಯಾ ಅಪ್ಪಾ?"

"ಇಲ್ಲ ಕಣಮ್ಮಾ. ಕಂಬ ಎದ್ದುಬಿಡ್ತು."

"ಸರಿ, ನೆನೆಸಿ ನೋಡ್ಕೊಂಡೇ ಬಾ," ಅನ್ನುತ್ತಾಳೆ.

ಫೋನು ಜೇಬಿಗಿಟ್ಟು ಗುದ್ದಲಿ ಎತ್ತಿಕೊಂಡವರನ್ನು ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮುಖ ತಿರುಗಿಸಿಕೊಂಡೇ ಹೇಳುತ್ತಾರೆ: "ಹುಟ್ಟೋ ಮಗು ಓಡಾಡೋ ಹಾಗಾಗ್ಲಿ, ಇಲ್ಲಿಗೆ ಕರ್ಕೊಂಡು ಬಂದು ಪಕ್ಕದಲ್ಲೇ ಕೂರಿಸ್ಕೋತೀನಿ. ಅದು ಕುಣಿದ್ರೂ ಓಡಿಸಲ್ಲ. ಮುಳ್ಳೂ ಕುಣಿದ್ರೆ ಕುಣೀಲಿ, ಆವತ್ತಿಂದು ಮಾರನೇ ದಿನ ಎಳೆದು ನೋಡ್ತೀನಿ."