ಬಟ್ಟೆ ಒಗೆಯುವ ಕೋಣೆಯ ಅಜ್ಜಿ

ಕೆಳಮನೆಯ ಅಜ್ಜಿ ಕುರ್ಚಿಯಲ್ಲಿ ಕೂರುವಾಗ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಉಸಿರು ಕಟ್ಟಿ, ಒಂದೇ ಪಕ್ಕಕ್ಕೆ ಭಾರ ಹಾಕಿ ಕೂರುತ್ತಿದ್ದರು. ಮಂಡಿನೋವಿರಬೇಕು ಅಂದುಕೊಂಡು ನಾನು ನೋವಿನೆಣ್ಣೆ ಕೊಟ್ಟೆ. ನಕ್ಕುಬಿಟ್ಟರು. “ಮಂಡಿ ಚೆನ್ನಾಗಿದೆ ಕಣಮ್ಮ. ಆರು ವರ್ಷದವಳಿದ್ದಾಗ ತೊಡೆ ಸಂದೀಲಿ ಕತ್ತರಿಸಿ ಹೊಲಿದ್ರು, ನಮ್ಮ ಕಡೆ ಹೆಣ್ಣುಮಕ್ಕಳಿಗೆಲ್ಲ ಮಾಡ್ತಾರೆ. ಇವತ್ತಿಗೂ ಸರಿಹೋಗಿಲ್ಲ.”

ಸೊಮಾಲಿಯಾದಿಂದ ಬಂದವರು. ಸ್ವೀಡನ್ನಿನ ಲಿಂಕೋಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಅವರ ದೇಶದವರಲ್ಲಿ ಯಾರು ಬೇಸಿಗೆ ರಜೆಗೆ ಹೆಣ್ಣುಮಗುವನ್ನು ಊರಿಗೆ ಕರೆದೊಯ್ಯುವರೋ, ಗೋಡೆಯ ಪಟ್ಟಿಯಲ್ಲಿ ಅವರ ಸರದಿಯ ಪಕ್ಕಕ್ಕೇ ಅಜ್ಜಿ ತಮ್ಮ ಹೆಸರು ಬರೆಯುತ್ತಿದ್ದರು. “ಮೆಷಿನ್ ನಿಲ್ಲೋ ತನಕ ಯಾರೂ ಎದ್ದು ಹೋಗಲ್ಲ, ನೋಡು,” ಎನ್ನುತ್ತಿದ್ದರು. ಅಲ್ಲಿ ಕೂತ ತಾಯಂದಿರಿಗೆ ಹೇಳುತ್ತಿದ್ದುದು ಒಂದೇ ಮಾತು: “ಕತ್ತರಿಸುವಾಗ ನನ್ನನ್ನ ಅದುಮಿ ಹಿಡಿದಿದ್ದು ನನ್ನಮ್ಮ. ನನ್ನ ಮಗಳನ್ನ ಹಿಡಿದಿದ್ದು ನಾನು. ನೀವು ಹಿಡೀಬೇಡಿ.” ಕೆಲವರು ಅತ್ತು, ಮಕ್ಕಳನ್ನು ಉಳಿಸಿಕೊಂಡು, ತಾವೂ ಬೇರೆಯವರಿಗೆ ಹೇಳತೊಡಗಿದರು. ಒಬ್ಬಳು ಮಾತ್ರ ಅಜ್ಜಿಯ ಒದ್ದೆ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು ತುಳಿದಳು.

ಎರಡು ಸಾವಿರದ ಐದರ ಜೂನ್‌ನಲ್ಲಿ ಅಜ್ಜಿಯ ಮಗಳು ಮನೆ ಮುಂದಿನ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಜೊತೆಗೆ ಅವಳ ಏಳು ವರ್ಷದ ಹುಡುಗಿ. “ಇವಳನ್ನ ಅವರಪ್ಪನ ಊರಿಗೆ ಕರ್ಕೊಂಡು ಹೋಗ್ತಿದೀನಿ. ಇವಳಿಗೋಸ್ಕರ ದೊಡ್ಡ ಊಟ ಇಟ್ಕೊಂಡಿದಾರೆ. ಅಮ್ಮನಿಗೆ ಲಂಡನ್ ಅಂತ ಹೇಳಿದೀನಿ. ನೀವು ಹೇಳ್ಬೇಡಿ, ತಾನೂ ಹೊರಡ್ತೀನಿ ಅಂತಾಳೆ.”

ಕತ್ತರಿಸುವುದು ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಕಿರುಚಾಟ, ರಕ್ತ. ನೆಂಟರು, ಊಟ ಅಂದ ಕೂಡಲೇ ಈ ದಡ್ಡ ತಲೆಗೆ ಹೊಳೆದದ್ದು ನಮ್ಮ ಕಿವಿ ಚುಚ್ಚುವ ಶಾಸ್ತ್ರ! ಮನೆಗೆ ಓಡಿ, ನನ್ನ ಮಗಳಿಗೆಂದು ಬೆಂಗಳೂರಿನಿಂದ ತಂದಿದ್ದ ರೇಷ್ಮೆ ಲಂಗ ತಂದು ಹುಡುಗಿಯ ಕೈಗಿಟ್ಟೆ. ಅಜ್ಜಿಗೆ ಹೇಳಲಿಲ್ಲ.

ಆಗಸ್ಟ್‌ನಲ್ಲಿ ಮಗು ಗೋಡೆ ಹಿಡಿದು ನಡೆಯುತ್ತ ಬಂತು. ಅಜ್ಜಿಗೆ ನೋಡಿದ ಕೂಡಲೇ ತಿಳಿಯಿತು. ನಾನು ಅಳುತ್ತ ಎಲ್ಲ ಹೇಳಿದೆ. ಬೈಯಲಿಲ್ಲ. “ನನ್ನ ಮಗಳಿಗೂ ಅವತ್ತು ಹೊಸ ಬಟ್ಟೆನೇ ಹಾಕಿದ್ದೆ,” ಅಂದರು, ಅಷ್ಟೇ. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಪೊಲೀಸರಿಗೆ ದೂರು ಕೊಟ್ಟವರು ಅಜ್ಜಿಯೇ. ಹೊರದೇಶದಲ್ಲಿ ಮಾಡಿಸಿದರೂ ಇಲ್ಲಿ ಅದು ಅಪರಾಧ; ಮಗಳು ಜೈಲಿಗೆ ಹೋದಳು. ಮೊಮ್ಮಗಳನ್ನು ನಗರಸಭೆಯ ಮಕ್ಕಳ ವಿಭಾಗದವರು ಬೇರೊಂದು ಸಂಸಾರಕ್ಕೆ ಒಪ್ಪಿಸಿದರು. ಹೆತ್ತ ಮಗಳನ್ನೇ ಹಿಡಿದುಕೊಟ್ಟವಳೆಂದು ಅವರ ಜನ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಮುಂದಿನ ಬೇಸಿಗೆಗೂ ಅಜ್ಜಿ ನೆಲಮಾಳಿಗೆಗೆ ಇಳಿದರು. ಇಬ್ಬರು ತಾಯಂದಿರು ಮಾತ್ರ ಕೂತು ಕೇಳಿದರು. ಆ ಇಬ್ಬರ ಮಕ್ಕಳೂ ಉಳಿದುಕೊಂಡವು.

ಮೂರನೆಯ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಮಣ್ಣು ಮಾಡುವಲ್ಲಿಗೆ ಮೊಮ್ಮಗಳು ಸಾಕುತಾಯಿಯ ಜೊತೆ ಬಂದಿದ್ದಳು. ನನ್ನನ್ನು ಗುರುತಿಸಿ ನೇರವಾಗಿ ಹತ್ತಿರ ಬಂದು ಸ್ವೀಡಿಷಿನಲ್ಲಿ ಕೇಳಿದಳು: “ಅಜ್ಜಿಗೆ ಗೊತ್ತಾಗಿದ್ರೆ ನನ್ನನ್ನ ಕಳಿಸ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?”