ಎಡಗೈಯ ಕೊಯ್ಲು

ನಮ್ಮ ಗಲ್ಲಿಯಲ್ಲಿ ಬೀಗದಣ್ಣ ಎಂದರೆ ಎಲ್ಲರಿಗೂ ಗೊತ್ತು. ದೊಡ್ಡ ರಸ್ತೆಯ ಮೂಲೆಯಲ್ಲಿ, ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗವೇ ಅವನ ಅಂಗಡಿ. ಗೋಡೆಯ ತುಂಬ ಕೀಲಿಕೈ. ಅರ ಹಿಡಿದು ಹಿತ್ತಾಳೆ ತಿಕ್ಕುವಾಗ ತುಟಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಯಾರದಾದರೂ ಮನೆಯ ಬಾಗಿಲು ತೆಗೆದುಕೊಡಲು ಕರೆದರೆ ಬೀಗ ಸಡಿಲವಾದ ಕೂಡಲೇ ಮುಖ ಆಚೆ ತಿರುಗಿಸಿ ನಿಲ್ಲುತ್ತಾನೆ. ಒಳಗಿನದು ತನ್ನ ಕಣ್ಣಿಗೆ ಬೀಳಬಾರದು ಎಂದು. ನನ್ನ ಯಜಮಾನರು ತೀರಿಕೊಂಡಾಗ ನನ್ನ ಕಬ್ಬಿಣದ ಪೆಟ್ಟಿಗೆಯನ್ನೂ ಹಾಗೆಯೇ ತೆಗೆದುಕೊಟ್ಟ. ಅವನ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆ ಒಂದೇ.

ಹಿತ್ತಿಲು ಮಾತ್ರ ಅವನದಲ್ಲ, ಹೆಂಡತಿಯದು. ಅವಳು ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತಿದ್ದುದರಿಂದ ಗಲ್ಲಿಗೆಲ್ಲ ಎಡಚಿ ಅಕ್ಕ. ಕರೆದರೆ ಬೇಸರಪಡದೆ ನಗುತ್ತಿದ್ದಳು. ಅವನಿಗೂ ಗಿಡಕ್ಕೂ ಎಣ್ಣೆ ಸೀಗೇಕಾಯಿ. ಒಮ್ಮೆ ಪಾಪ, ಸಹಾಯ ಮಾಡೋಣವೆಂದು ಉರಿಬಿಸಿಲಿನಲ್ಲಿ ಬದನೆಯ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದು ಗಿಡವನ್ನೇ ಬಾಡಿಸಿಬಿಟ್ಟ. ಅಂದಿನಿಂದ ಅವಳು ಅವನನ್ನು ಹಿತ್ತಿಲ ಹೊಸ್ತಿಲು ದಾಟಲು ಬಿಡಲಿಲ್ಲ.

"ನಿಮ್ಮ ಕೈ ಕಬ್ಬಿಣಕ್ಕೇ ಸರಿ. ಅಲ್ಲೇ ನಿಂತು ನೋಡಿ, ಬಾಯಲ್ಲಿ ನೀರೂರಿದ್ರೆ ಅಷ್ಟೇ ಸಾಕು" ಎನ್ನುತ್ತಿದ್ದಳು.

ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಅಂಗೈಯಗಲ ಹಿತ್ತಿಲು. ಒಬ್ಬರಿಗೆ ಚಳಿಗಾಲದ ಮೂಲಂಗಿ, ಒಬ್ಬರಿಗೆ ಬೇಸಿಗೆಯ ಸೌತೆ, ಮಳೆಗಾಲಕ್ಕೆ ಹೀರೆ, ಕುಂಬಳ. ಹೆಚ್ಚಾದದ್ದನ್ನು ಬೆಳಕು ಹರಿಯುವ ಹೊತ್ತಿಗೆ ಪಕ್ಕದವರ ಗೋಡೆಯ ಮೇಲೆ ಇಟ್ಟು ಬರುತ್ತೇವೆ. ಇಡುವವರು ಕೂಗುವಂತಿಲ್ಲ, ತೆಗೆದುಕೊಳ್ಳುವವರು ಹೆಜ್ಜೆಯ ಸದ್ದು ನಿಲ್ಲುವವರೆಗೆ ಬಾಗಿಲು ತೆರೆಯುವಂತಿಲ್ಲ. ಮುಖ ನೋಡಿಕೊಂಡರೆ ನಿನ್ನದು ಹೆಚ್ಚೋ ನನ್ನದು ಹೆಚ್ಚೋ ಎಂಬ ಲೆಕ್ಕ ಶುರುವಾಗುತ್ತದೆ. ನೋಡದಿದ್ದರೂ ಯಾರದೆಂದು ತಿಳಿಯುತ್ತಿತ್ತು. ಎಡಚಿ ಅಕ್ಕನ ತರಕಾರಿಯ ತೊಟ್ಟು ನಮ್ಮದಕ್ಕಿಂತ ಉಲ್ಟಾ ಓರೆಯಾಗಿ ಕೊಯ್ದಿರುತ್ತಿತ್ತು. ಕಟ್ಟಿದ ದಾರದ ಗಂಟೂ ಎಡಕ್ಕೆ ತಿರುಗಿರುತ್ತಿತ್ತು.

ಮಳೆಗಾಲದ ನಡುವೆ ಜ್ವರ ಬಂದು ಅವಳು ಹೋದಳು. ಚಪ್ಪರದ ಮೇಲೆ ಹೀರೆ ಬಲಿತು ಒಣಗಿತು. ಯಾರೂ ಮುಟ್ಟಲಿಲ್ಲ. ಇನ್ನು ಆ ಹಿತ್ತಿಲ ಕಥೆ ಮುಗಿಯಿತು ಎಂದುಕೊಂಡೆವು.

ಚಳಿ ಹಿಡಿದಾಗ ಒಂದು ಬೆಳಿಗ್ಗೆ ನನ್ನ ಗೋಡೆಯ ಮೇಲೆ ಹುರುಳಿಕಾಯಿಯ ಕಟ್ಟು ಇತ್ತು. ಎಳೆಯವು, ಇಬ್ಬನಿ ಹಿಡಿದವು. ಕಟ್ಟು ಬಿಚ್ಚಲು ಹೋದೆ. ಬೆರಳು ಅಲ್ಲೇ ನಿಂತಿತು. ಗಂಟು ಎಡಕ್ಕಿತ್ತು. ತೊಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಓರೆಯೂ ಅವಳದೇ.

ಗೋಡೆಯಾಚೆ ಬಗ್ಗಿ ನೋಡಿದರೆ, ಒಣಗಿದ ಹೀರೆ ಚಪ್ಪರದ ಮರೆಯಲ್ಲಿ ಪಾತಿಗಳು ಹದವಾಗಿದ್ದವು. ಹುರುಳಿಕಾಯಿಯ ಬಳ್ಳಿಗೆ ಕೋಲು ಊರಿತ್ತು. ಮೂಲಂಗಿ ಎರಡೆಲೆ ಬಿಟ್ಟಿತ್ತು. ಕೊಯ್ದವರಿರಲಿ, ಇದನ್ನೆಲ್ಲ ಬಿತ್ತಿದವರು ಯಾರು? ಹಗಲಲ್ಲಿ ಅಲ್ಲಿ ಒಂದು ಹುಳುವೂ ಓಡಾಡಿದ್ದನ್ನು ನಾನು ಕಂಡಿರಲಿಲ್ಲ.

ಕೆಲವೇ ದಿನಗಳಲ್ಲಿ ಎಲ್ಲರ ಗೋಡೆಯ ಮೇಲೂ ಅಂಥದೇ ಕಟ್ಟು ಕಾಣಿಸಿತು. ಎದುರುಮನೆಯ ಬಸ್ ಡ್ರೈವರನ ಹೆಂಡತಿ ತನ್ನ ಪಾಲನ್ನು ಕಡ್ಡಿಯಲ್ಲಿ ತಳ್ಳಿ ಚರಂಡಿಗೆ ಹಾಕಿದಳು.

"ಸತ್ತೋರ ಕೈಯಿಂದ ಬಂದಿದ್ದು ಹೊಟ್ಟೆಗೆ ಹೋದ್ರೆ ಹೊಟ್ಟೆಯಲ್ಲಿ ಇರುತ್ತಾ ದೊಡ್ಡಮ್ಮ? ನೀವೇನು ಮಾಡಿದ್ರಿ?"

"ಪಲ್ಯ ಮಾಡ್ದೆ."

"ತಿಂದ್ರಾ?"

"ಮತ್ತೇನು, ಪೂಜೆ ಮಾಡ್ಲಾ?"

ಬಾಯಲ್ಲಿ ಹಾಗಂದೆ. ಮೊದಲ ತುತ್ತನ್ನು ಮಾತ್ರ ನೀರು ಕುಡಿದು ಇಳಿಸಿದ್ದೆ.

ಬೀಗದಣ್ಣನನ್ನೇ ಕೇಳಿಬಿಡೋಣ ಎಂದು ಅಂಗಡಿಗೆ ಹೋದೆ. ಅರವನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದ. ಬಲಗೈಯಲ್ಲಿ ಹಿತ್ತಾಳೆಯ ಪುಡಿ. ಎಡಗೈಯ ಉಗುರಿನೊಳಗೆ ಕಪ್ಪು ಮಣ್ಣು.

"ಬೆಳಗ್ಗೆ ಎದ್ದಾಗ ಹೀಗಿರುತ್ತೆ ಅಕ್ಕ. ಅವಳು ನನ್ನ ಕೈ ತಗೊಂಡು ಹೋಗ್ತಾಳೆ. ಕೆಲಸ ಮುಗಿಸಿ ವಾಪಸ್ ತಂದಿಡ್ತಾಳೆ."

"ನೀನು ನೋಡಿದ್ದೀಯಾ?"

"ಇಲ್ಲ. ಎಷ್ಟು ಎಚ್ಚರ ಇರೋಣ ಅಂದ್ರೂ ಆ ಹೊತ್ತಿಗೆ ನಿದ್ದೆ ಹತ್ತಿಬಿಡುತ್ತೆ."

ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಸಾಲದು ಎಂಬಂತೆ ಸಣ್ಣಗೆ ನಕ್ಕ.

ಯಾರೋ ಅವನ ಮಗಳಿಗೆ ಫೋನು ಮಾಡಿ ಹೇಳಿದರು. ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು ಅವಳು, ಒಬ್ಬಳೇ ಮಗಳು. ಬಿಸಿಲು ಏರಿ, ಗೋಡೆಗಳ ಮೇಲೆ ಎಳೆ ಸೌತೆಕಾಯಿ ಬರುತ್ತಿದ್ದ ಕಾಲದಲ್ಲಿ ರಜೆ ಹಾಕಿ ಬಂದಳು. ಅಪ್ಪನನ್ನು ತನ್ನ ಜೊತೆ ಕರೆದೊಯ್ಯುವುದು, ಹಿತ್ತಿಲನ್ನು ಅಗೆಸಿ ಸಿಮೆಂಟ್ ಹಾಕಿಸಿ ಮನೆಯನ್ನು ಬಾಡಿಗೆಗೆ ಕೊಡುವುದು ಎಂದು ಬರುವಾಗಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು.

"ನಿದ್ದೇಲಿ ನಡೀತಾರೆ ದೊಡ್ಡಮ್ಮ, ಅಷ್ಟೇ. ನಾನು ವಾರ್ಡಲ್ಲಿ ನೋಡಿದ್ದೀನಿ" ಎಂದಳು ನನ್ನ ಅಡುಗೆಮನೆಯಲ್ಲಿ ಕೂತು. "ಹಿಂದೆ ನೀರಿನ ತೊಟ್ಟಿ ಇದೆ, ಮುಚ್ಚಳ ಇಲ್ಲ. ಒಂದಿನ ಬಿದ್ರೆ ಯಾರು ನೋಡ್ತಾರೆ? ಈ ಗಲ್ಲೀಲಿ ಆ ಹೊತ್ತಿಗೆ ಯಾರೂ ಬಾಗಿಲೇ ತೆಗೆಯಲ್ಲ."

ಅದು ನಿಜವೇ. ನಮ್ಮ ಮರ್ಯಾದೆಯೇ ನಮ್ಮ ಕಣ್ಣು ಕಟ್ಟಿತ್ತು.

ಅಪ್ಪನಿಗೂ ಹೇಳಿದಳು. ಅವನು ತಟ್ಟೆಯ ಮುಂದೆ ಕೂತಿದ್ದ. ತುತ್ತು ಕೈಯಲ್ಲೇ ಉಳಿಯಿತು.

"ನಾನು ಬಂದ್ಬಿಟ್ರೆ ಅವಳು ಯಾರ ಕೈ ತಗೋತಾಳಮ್ಮ?"

ಮಗಳು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಅಂದು ರಾತ್ರಿ ಹಿತ್ತಿಲ ಬಾಗಿಲಿಗೆ ಅಪ್ಪನೇ ಮಾಡಿದ ಬೀಗ ಜಡಿದು, ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡಳಂತೆ. ಬೆಳಿಗ್ಗೆ ಗೆರೆಯೂ ಬೀಳದ ಬೀಗ ಬಾಯಿ ಬಿಟ್ಟು ಚಿಲಕದಲ್ಲಿ ನೇತಾಡುತ್ತಿತ್ತು. ಕೀಲಿ ದಿಂಬಿನಡಿಯಲ್ಲೇ ಇತ್ತು. ನನ್ನ ಗೋಡೆಯ ಮೇಲೆ ಸೌತೆಕಾಯಿ.

ಮಾರನೆಯ ದಿನ ಬೆಳಕು ಇನ್ನೂ ಬೂದಿಯಂತಿದ್ದಾಗ ಅವಳು ನನ್ನನ್ನು ಎಬ್ಬಿಸಿದಳು. ಗಲ್ಲಿಯ ನಡವಳಿಕೆ ಮುರಿದು ನಾವಿಬ್ಬರೂ ನನ್ನ ಹಿತ್ತಿಲ ಬಾಗಿಲ ಸಂದಿಯಲ್ಲಿ ನಿಂತೆವು.

ಬೀಗದಣ್ಣ ಬಂದ. ಕಣ್ಣು ತೆರೆದೇ ಇತ್ತು, ರೆಪ್ಪೆ ಮಿಟುಕುತ್ತಿರಲಿಲ್ಲ. ಅಂಗಿಯ ಅಂಚನ್ನು ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಳ್ಳುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ತೊಟ್ಟಿಯ ಪಕ್ಕ ಬಂದಾಗ ಮಗಳು ನನ್ನ ತೋಳು ಹಿಡಿದಳು. ಅವನು ಅದನ್ನು ಸುತ್ತಿಕೊಂಡು ಸಲೀಸಾಗಿ ದಾಟಿದ. ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಚಾಕು ಎಡಗೈಯಲ್ಲಿತ್ತು. ನನ್ನ ವಯಸ್ಸಿನಲ್ಲಿ ನಾನು ಹೆಣಗಳನ್ನು ನೋಡಿದ್ದೇನೆ, ತೊಳೆದಿದ್ದೇನೆ. ಆಗ ಆಗದಿದ್ದ ನಡುಕ ಆ ಕೈ ನೋಡಿ ಹುಟ್ಟಿತು. ಅರ ತಿಕ್ಕುವ ಮೊಂಡು ಕೈ ಅಲ್ಲ ಅದು. ಕಾಯಿಯನ್ನು ಅಡಿಯಿಂದ ಹಿಡಿದು, ಬಳ್ಳಿಗೆ ತಿಳಿಯದಂತೆ ಬಿಡಿಸುವ ಕೈ.

ಕಟ್ಟು ಕಟ್ಟಿಕೊಂಡು ಅವನು ಗೋಡೆಯ ಬಳಿ ಬಂದಾಗ ಮಗಳು ಬಾಗಿಲು ತಳ್ಳಿ ಎದುರಿಗೆ ಹೋಗಿ ನಿಂತಳು. 'ಅಪ್ಪ' ಎಂದು ಕರೆಯುತ್ತಾಳೆ ಅಂದುಕೊಂಡೆ.

"ಅಮ್ಮ" ಎಂದಳು.

ಅವನು ನಿಂತ. ಕಟ್ಟನ್ನು ಗೋಡೆಯ ಮೇಲಿಟ್ಟ. ಎಡಗೈ ನಿಧಾನವಾಗಿ ಮೇಲೆದ್ದು, ಅವಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿತು. ಹೆಬ್ಬೆರಳು ತುಟಿಯ ಮೂಲೆ ಒರೆಸಿತು, ಹಾಲು ಕುಡಿದ ಮಗುವಿಗೆ ಒರೆಸುವಂತೆ. ಆಮೇಲೆ ಕೈ ಇಳಿಯಿತು. ಅವನು ತಿರುಗಿ ಒಳಗೆ ಹೋಗಿ ಮಲಗಿದ. ಮಗಳ ಕೆನ್ನೆಯ ಮೇಲೆ ಮಣ್ಣಿನ ಗೆರೆ ಉಳಿಯಿತು. ಅದನ್ನು ಒರೆಸಿಕೊಳ್ಳದೆ ಅವಳು ಗೋಡೆ ದಾಟಿ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

ಬಿಸಿಲು ಬಂದ ಮೇಲೆ ಅವನು ಎದ್ದು ಹಲ್ಲುಜ್ಜುತ್ತ ಹೊಸ್ತಿಲ ತನಕ ಬಂದು ನಿಂತ. ಮಗಳ ಮುಖ ನೋಡಿದ, ನನ್ನ ಮುಖ ನೋಡಿದ.

"ನೋಡಿದ್ರಾ?"

"ಹೂಂ ಅಪ್ಪ."

"ಅಕ್ಕ, ನೀವೂ?"

ತಲೆಯಾಡಿಸಿದೆ. ಅವನು ಬಾಯಿಯ ನೊರೆ ಉಗಿದು, ತೋಳಿನಲ್ಲಿ ಒರೆಸಿಕೊಂಡ.

"ಎಲ್ಲರಿಗೂ ಸಿಗ್ತಾಳೆ. ನನಗೊಬ್ಬನಿಗೇ ಇಲ್ಲ" ಎಂದ. ಆಮೇಲೆ ಕೇಳಿದ, "ಸೊರಗಿದ್ದಾಳಾ?"

ಮಗಳು ಒಮ್ಮೆ ಹಿತ್ತಿಲ ಕಡೆ ನೋಡಿದಳು.

"ಇಲ್ಲ ಅಪ್ಪ. ಚೆನ್ನಾಗೇ ಇದ್ದಾಳೆ. ನೀವು ಇಲ್ಲೇ ಇರಿ. ನಾನು ತೊಟ್ಟಿಗೊಂದು ಮುಚ್ಚಳ ಹಾಕಿಸಿ ಹೋಗ್ತೀನಿ."